ನಾಲ್ಕು ಹಲ್ಲಿನ ಓಪನರು

ಉಳಿ ಜಾರಿತು. ಸುತ್ತಿಗೆಯ ಏಟು ಎಡಗೈ ತೋರುಬೆರಳಿನ ಗೆಣ್ಣಿನ ಮೇಲೆ ಬಿತ್ತು. ಅತಾವುಲ್ಲಾ ಕೂಗಲಿಲ್ಲ. ಕೈಯನ್ನು ತೊಡೆಗಳ ನಡುವೆ ಒತ್ತಿ ಹಿಡಿದು, ನೋವು ಮೊಣಕೈತನಕ ಏರಿ ಇಳಿಯುವವರೆಗೆ ಕಣ್ಣು ಮುಚ್ಚಿ ಕೂತ. ಕಣ್ಣು ತೆರೆದಾಗ ಕೆಂಪಣ್ಣನ ಸೈಕಲ್ಲಿನ ಹಿಂದಿನ ಗಾಲಿ ಎದುರಿಗೆ ಹಾಗೇ ಬಿದ್ದಿತ್ತು. ಅದರ ನಡುವಿನ, ಬದಲಿಸಬೇಕಿದ್ದ ಫ್ರೀವೀಲು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಉಳಿ ಜಾರಿದ ಕಡೆ ಹೊಸ ಗೀರೊಂದು ಬೆಳ್ಳಗೆ ಹೊಳೆಯುತ್ತಿತ್ತು.

ಕೆಂಪಣ್ಣ ಕಿರಂಗೂರಿನಿಂದ ದಿನಾ ಪೇಟೆಗೆ ಹಾಲು ತರುವವನು. ಖಾಲಿಯಾಗದ ಕ್ಯಾನುಗಳ ಮೇಲೆ ಕೈಯಿಟ್ಟುಕೊಂಡು ನಿಂತು ಎಲ್ಲವನ್ನೂ ನೋಡುತ್ತಿದ್ದ.

"ಚಲುವಣ್ಣ ಇದ್ದಿದ್ರೆ ಇಷ್ಟೊತ್ಗೆ ನಾನು ಆಲಾಕಿ ಮನೆ ಸೇರ್ತಿದ್ದೆ," ಎಂದ.

"ಇಲ್ವಲ್ಲ, ಏನ್ಮಾಡನ."

"ಉಳಿ ಮಡಗಿ ಒಡಿಯಾಕೆ ಇದೇನ್ ಕಲ್ಲುಗಣಿಯಾ ಸಾಬ್ರೇ? ಒಂದ್ ಓಪ್ನರ್ ತಗಳಿ ಅತ್ಲಾಗೆ. ಅವಣ್ಣ ಬರಾಗಂಟ ನಮ್ ಸೈಕಲ್ಲೆಲ್ಲಾ ಇಂಗೇ ಗಾಯ ಮಾಡ್ತಿರಾ?"

ಅತಾವುಲ್ಲಾ ತನ್ನ ಸ್ವಂತ ಸೈಕಲ್ಲನ್ನು ಅಂಗಡಿಯೊಳಗಿಂದ ತಂದು ಕೆಂಪಣ್ಣನ ಮುಂದೆ ನಿಲ್ಲಿಸಿ, ನಾಡಿದ್ದು ಬಂದು ಗಾಲಿ ಒಯ್ಯುವಂತೆ ಹೇಳಿದ. ಕೆಂಪಣ್ಣ ಗೊಣಗುತ್ತಲೇ ಕ್ಯಾನುಗಳನ್ನು ಕಟ್ಟಿಕೊಂಡು ಹೊರಟ.

ಫ್ರೀವೀಲೆಂದರೆ ಹಿಂದಿನ ಗಾಲಿಯ ನಡುವೆ ಕೂರುವ ಹಲ್ಲಿನ ಚಕ್ರ. ಚೈನು ಹಿಡಿದು ಎಳೆಯುವುದು ಅದನ್ನೇ. ಅದನ್ನು ಬಿಗಿಯಲು ಯಾರೂ ಕಷ್ಟಪಡಬೇಕಾಗಿಲ್ಲ. ತುಳಿದಷ್ಟೂ ತಾನೇ ಬಿಗಿಯಾಗುತ್ತ ಹೋಗುವುದು ಅದರ ತಿರುಪಿನ ಗುಣ. ವರ್ಷಗಟ್ಟಲೆ ಹಾಲಿನ ಕ್ಯಾನು ಹೊತ್ತ ಸೈಕಲ್ಲಿನಲ್ಲಿ ಅದು ಗಾಲಿಯ ಜೊತೆಗೇ ಹುಟ್ಟಿತೇನೋ ಎನ್ನುವಷ್ಟು ಕಚ್ಚಿಕೊಂಡಿರುತ್ತದೆ. ಅದನ್ನು ಬಿಚ್ಚಲು ಇರುವುದು ಒಂದೇ ಸಾಧನ, ಓಪನರು. ದಪ್ಪ ನಟ್ಟಿನಂಥ ಉಕ್ಕಿನ ತುಂಡು, ಅದರ ತುದಿಯಲ್ಲಿ ನಾಲ್ಕು ಹಲ್ಲು. ತುಂಡನ್ನು ಬೆಂಚಿಗೆ ಬಿಗಿದ ವೈಸಿನ ದವಡೆಯಲ್ಲಿ ಕಚ್ಚಿಸಿ, ಹಲ್ಲುಗಳ ಮೇಲೆ ಗಾಲಿಯನ್ನು ಮಲಗಿಸಿ ಕೂರಿಸಿ, ಇಡೀ ಗಾಲಿಯನ್ನು ಲಾರಿಯ ಸ್ಟೇರಿಂಗಿನಂತೆ ಎಡಕ್ಕೆ ತಿರುಗಿಸಬೇಕು.

ವೈಸು ಅತಾವುಲ್ಲಾನದು. ಓಪನರು ಚಲುವರಾಜುವಿನದು.

ಇಬ್ಬರ ಅಂಗಡಿಗಳೂ ಶ್ರೀರಂಗಪಟ್ಟಣದ ಸ್ಟೇಷನ್ ರಸ್ತೆಯಲ್ಲಿ ಒಂದೇ ತಗಡಿನ ಗೋಡೆಯ ಆಚೆ ಈಚೆ ಇದ್ದವು. ಬಾಡಿಗೆ ಬೇರೆ, ಗಿರಾಕಿ ಬೇರೆ, ದುಡಿಮೆ ಬೇರೆ. ಸಾಮಾನು ಮಾತ್ರ ಎರಡಕ್ಕೂ ಸೇರಿ ಒಂದೇ ಸೆಟ್ಟು. ಹೀಗಿರಲಿ ಎಂದು ಅವರು ಕೂತು ಮಾತಾಡಿಕೊಂಡದ್ದಲ್ಲ. ಹರೆಯದಲ್ಲಿ ಇಬ್ಬರ ಹತ್ತಿರವೂ ಪೂರ್ತಿ ಸಾಮಾನು ಕೊಳ್ಳುವಷ್ಟು ಇರಲಿಲ್ಲವಾದ್ದರಿಂದ, ಒಬ್ಬನಲ್ಲಿ ಇದ್ದದ್ದನ್ನು ಇನ್ನೊಬ್ಬ ಕೊಳ್ಳುತ್ತಿರಲಿಲ್ಲ. ಆಮೇಲೆ ಕೊಳ್ಳುವ ಶಕ್ತಿ ಬಂದಾಗಲೂ ಕೊಳ್ಳಲಿಲ್ಲ. ಕೈಚಾಚಿದರೆ ತಗಡಿನ ತೂತಿನಿಂದ ನಟ್ಟು ಬಿಚ್ಚುವ ಪಾನ ಬರುತ್ತಿತ್ತು, ಸ್ಪೋಕಿನ ಕೀಲಿ ಹೋಗುತ್ತಿತ್ತು. ಶುಕ್ರವಾರ ಮಧ್ಯಾಹ್ನ ಅತಾವುಲ್ಲಾ ನಮಾಜಿಗೆ ಹೋದರೆ ಚಲುವರಾಜು ಎರಡೂ ಅಂಗಡಿ ನೋಡಿಕೊಳ್ಳುತ್ತಿದ್ದ. ಗಟ್ಟಿ ಫ್ರೀವೀಲು ಬಂದರೆ ಇಬ್ಬರೂ ಗಾಲಿಯ ಆ ಬದಿ ಈ ಬದಿ ನಿಂತು ಉಸಿರು ಬಿಗಿಹಿಡಿದು ತಿರುಗಿಸುತ್ತಿದ್ದರು.

ಒಮ್ಮೆ ಮಾತ್ರ ಅತಾವುಲ್ಲಾ ತಪ್ಪಿದ್ದ. ಮೈಸೂರಿನ ಅಂಗಡಿಯೊಂದರಲ್ಲಿ ಚೈನಿನ ಪಿನ್ನು ತೆಗೆಯುವ ಸಾಧನ ಕಣ್ಣಿಗೆ ಚೆಂದ ಕಂಡು ಕೊಂಡುತಂದ. ಅಂಥದ್ದು ಚಲುವರಾಜುವಿನ ಹತ್ತಿರ ಮೊದಲೇ ಇತ್ತು. ಚಲುವರಾಜು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಬ್ಯಾರೆ ಒಲೆ ಊಡ್ದೇನ್ಲಾ?" ಎಂದು ಮಾತ್ರ ಕೇಳಿದ. ಆಮೇಲೆ ಎಷ್ಟೋ ದಿನ ತಗಡಿನ ಆ ಕಡೆಯಿಂದ ಮಾತೇ ಬರಲಿಲ್ಲ. ಕೊನೆಗೆ ಅತಾವುಲ್ಲಾ ಆ ಸಾಧನವನ್ನು ಅಕ್ಕಿಹೆಬ್ಬಾಳಿನ ಕಡೆಯ ಮೆಕ್ಯಾನಿಕ್ ಒಬ್ಬನಿಗೆ ದಾಟಿಸಿ, ಚಲುವರಾಜುವಿನ ಹತ್ತಿರ ಅವನ ಸಾಧನವನ್ನೇ ಕೇಳಿ ಇಸಿದುಕೊಂಡ ಮೇಲೆಯೇ ಎಲ್ಲ ಮೊದಲಿನಂತಾದದ್ದು.

ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ಬೆಳ್ಳೂರು ಕ್ರಾಸಿನಿಂದ ಫೋನು ಬಂತು. ಅಲ್ಲಿ ಟೈರಿನ ಅಂಗಡಿ ಇಟ್ಟಿದ್ದ ಚಲುವರಾಜುವಿನ ಅಳಿಯನಿಗೆ ಲಾರಿ ತಾಗಿ ಕಾಲು ಮುರಿದಿತ್ತು. ಕಾಲು ಕೂಡಿಕೊಳ್ಳುವತನಕ ಗಲ್ಲಾದ ಹತ್ತಿರ ಮನೆಯವರೊಬ್ಬರು ಇರಬೇಕೆಂದು ಮಗಳು ವೀಣ ಕರೆದಳು. ಚಲುವರಾಜು ಹೆಂಡತಿಯನ್ನು ಕಳೆದುಕೊಂಡು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದವನು, ಹೊರಡುವುದಕ್ಕೆ ತಡವಾಗಲಿಲ್ಲ. ಅಲ್ಲೂ ನಾಲ್ಕು ಸೈಕಲ್ಲು ಬರಬಹುದೆಂದು ಸಾಮಾನಿನ ಪೆಟ್ಟಿಗೆಯನ್ನೂ ಒಯ್ದ.

ಮೊದಮೊದಲು ಫೋನು ಮಾಡುತ್ತಿದ್ದರು. ಆದರೆ ಎದುರಿಗಿರುವ ಗಾಲಿಯನ್ನೋ ರಸ್ತೆಯಲ್ಲಿ ಹೋಗುವವರನ್ನೋ ನೋಡುತ್ತ ಮಾತಾಡಿ ಅಭ್ಯಾಸವಾದವರಿಗೆ ಫೋನಿನಲ್ಲಿ ಏನು ಹೇಳಬೇಕೆಂದು ತೋಚುತ್ತಿರಲಿಲ್ಲ. "ಊಟಾಯ್ತಾ?" ಎಂದು ಇವನು, "ಮಳೆ ಬತ್ತಾ?" ಎಂದು ಅವನು. ಆಮೇಲೆ ಇಬ್ಬರೂ ಸುಮ್ಮನೆ ಫೋನು ಹಿಡಿದುಕೊಂಡಿರುತ್ತಿದ್ದರು. ದೀಪಾವಳಿ ಕಳೆದ ಮೇಲೆ ಅದೂ ನಿಂತಿತು. ಚಲುವರಾಜುವಿನ ಅಂಗಡಿಯ ಬಾಗಿಲಿನ ಮೇಲೆ ಯಾರೋ ಕೋಚಿಂಗ್ ಸೆಂಟರಿನ ಪೋಸ್ಟರು ಹಚ್ಚಿದರು. ಅತಾವುಲ್ಲಾ ಅದನ್ನು ಕಿತ್ತ. ಮತ್ತೆ ಹಚ್ಚಿದರು. ಮತ್ತೆ ಕೀಳಲಿಲ್ಲ.

ಏಟು ಬಿದ್ದ ದಿನ ರಾತ್ರಿ ಗೆಣ್ಣಿಗೆ ಅರಿಶಿನ ಮೆತ್ತುತ್ತ ಹೆಂಡತಿ ಮೆಹಬೂಬ್ ಬೀ, ಒಂದು ತುಂಡು ಕಬ್ಬಿಣ ಕೊಳ್ಳುವುದಕ್ಕೆ ಇಷ್ಟು ಯೋಚನೆ ಮಾಡುವವರನ್ನು ತಾನು ಕಂಡಿಲ್ಲವೆಂದು ಉರ್ದುವಿನಲ್ಲಿ ಗೊಣಗಿದಳು. ಮಗಳಿಗೆ ಗಂಡು ಗೊತ್ತು ಮಾಡುವಾಗಲೂ ಇವರು ಇಷ್ಟು ಹಿಂದೆ ಮುಂದೆ ನೋಡಿರಲಿಲ್ಲವಂತೆ. ಅತಾವುಲ್ಲಾ ನಕ್ಕ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ ಪಾಂಡವಪುರದ ಬಸ್ಸು ಹತ್ತಿದ.

ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದೆ ತಿಮ್ಮೇಶನ ಸೈಕಲ್ ಬಿಡಿಭಾಗಗಳ ಅಂಗಡಿ. ಅವನಪ್ಪನ ಕಾಲದಿಂದಲೂ ಅತಾವುಲ್ಲಾ ಟ್ಯೂಬು, ಸ್ಪೋಕು, ಬಾಲ್ಸು ತರುತ್ತಿದ್ದುದು ಅಲ್ಲಿಂದಲೇ. ಓಪನರು ಕೇಳಿದಾಗ ತಿಮ್ಮೇಶ ಎರಡು ತರಹದ್ದನ್ನು ಗಾಜಿನ ಮೇಲಿಟ್ಟ. ಒಂದಕ್ಕೆ ಚಿನ್ನದ ಬಣ್ಣದ ಹೊಳಪು. ಗಟ್ಟಿ ರಟ್ಟಿಗೆ ಅಂಟಿಸಿ ಪ್ಲಾಸ್ಟಿಕ್ ಮುಚ್ಚಿದ್ದು, ಜೊತೆಗೆ ಒಂದು ಸ್ಪೋಕಿನ ಕೀಲಿ ಉಚಿತ. ಇನ್ನೊಂದು ಕಪ್ಪಗೆ, ಮಂಕಾಗಿ, ಎಣ್ಣೆ ಕಾಗದದಲ್ಲಿ ಸುತ್ತಿದ್ದು. ಅದರ ಬೆಲೆಗೆ ಹೊಳೆಯುವಂಥವು ಒಂದು ಬೊಗಸೆ ಬರುತ್ತಿದ್ದವು.

ಅತಾವುಲ್ಲಾ ಎರಡನ್ನೂ ಎರಡು ಅಂಗೈಯಲ್ಲಿಟ್ಟು ತೂಗಿದ. ಗಾತ್ರ ಒಂದೇ, ಭಾರ ಹೆಚ್ಚುಕಡಿಮೆ ಒಂದೇ. ಕಬ್ಬಿಣದ ಗುಣ ಭಾರದಲ್ಲಿ ತಿಳಿಯುವುದಿಲ್ಲ. ಅಂಗಿಯ ಜೇಬಿನಿಂದ ಕಬ್ಬಿಣ ಉಜ್ಜುವ ಬೆರಳುದ್ದದ ಅರವನ್ನು ತೆಗೆದು ಚಿನ್ನದ ಬಣ್ಣದ್ದರ ಹಲ್ಲಿನ ಮೇಲೆ ಮೆಲ್ಲಗೆ ಎಳೆದ. ಅರ ಕಚ್ಚಿತು, ಬಣ್ಣದ ಕೆಳಗಿನಿಂದ ಬೂದುಬಣ್ಣದ ಪುಡಿ ಉದುರಿತು. ಕಪ್ಪನೆಯದರ ಮೇಲೆ ಎಳೆದ. ಅರ ಗಾಜಿನ ಮೇಲೆ ಜಾರಿದಂತೆ ಜಾರಿತು, ಗೀರೂ ಬೀಳಲಿಲ್ಲ.

"ಸಾಬ್ರೇ, ಅಲ್ಲು ಉಜ್ಬುಟ್ರೆ ಇನ್ ಅದ್ನ ಯಾರ್ ತಗತಾರೆ?" ಎಂದ ತಿಮ್ಮೇಶ.

"ಅಲ್ಲು ನೋಡ್ದೆ ಎತ್ತು ತಗತಾರೇನಪ್ಪ?"

ತಿಮ್ಮೇಶನಿಗೆ ನಗು ಬಂತು. ಕಪ್ಪನೆಯದನ್ನು ಮುಂದೆ ತಳ್ಳುತ್ತ, "ಇದ್ನೇ ತಗಳಿ. ಒಂದ್ಸಲ ತಗಂಡ್ರೆ ಮುಗೀತು, ನೀವ್ ಓದ್ಮೇಲೂ ಇರ್ತದೆ," ಎಂದ.

ವ್ಯಾಪಾರದ ಮಾತು. ಆದರೆ ಅತಾವುಲ್ಲಾನ ಕೈ ನಿಂತಿತು. ಅದು ತನ್ನ ಕಾಲ ಮುಗಿಯುವತನಕ ಬರುವುದಾದರೆ, ಆ ಅಷ್ಟೂ ಕಾಲ ಅದನ್ನು ವೈಸಿಗೆ ಕಚ್ಚಿಸಿ ತಿರುಗಿಸುವವನು ತಾನೊಬ್ಬನೇ. ಚಿನ್ನದ ಬಣ್ಣದ್ದಾದರೆ ಹೆಚ್ಚೆಂದರೆ ಬೇಸಿಗೆಯವರೆಗೆ ಬಂದೀತು. ಅಷ್ಟರಲ್ಲಿ ಚಲುವರಾಜು ಬಂದರೆ ಅದನ್ನು ಗುಜರಿಗೆ ಎಸೆದು, ಏನೂ ಕೊಂಡೇ ಇಲ್ಲವೆಂಬಂತೆ ಇರಬಹುದು. ಬರದಿದ್ದರೆ? ಬರುವನೋ ಇಲ್ಲವೋ ಎಂಬುದು ತಿಳಿಯದೆ ಯಾವ ಕಬ್ಬಿಣ ಕೊಳ್ಳಬೇಕೆಂಬುದು ತೀರ್ಮಾನವಾಗುವಂತಿರಲಿಲ್ಲ.

ಸಂಜೆ ಬರುವುದಾಗಿ ಹೇಳಿ ಹೊರಬಿದ್ದ. ಬಸ್ ಸ್ಟ್ಯಾಂಡಿನಲ್ಲಿ ನಾಗಮಂಗಲದ ಬಸ್ಸು ಹೊರಡುವುದರಲ್ಲಿತ್ತು. ಅದರ ಬೋರ್ಡಿನಲ್ಲಿ ಬೆಳ್ಳೂರು ಕ್ರಾಸ್ ಎಂದೂ ಇತ್ತು. ಶ್ರೀರಂಗಪಟ್ಟಣದ ಬಸ್ಸಿನ ಕಡೆಗೆ ಹೋಗುತ್ತಿದ್ದವನು ತಿರುಗಿ ಇದನ್ನೇ ಹತ್ತಿ ಕೂತ.

ಬೆಳ್ಳೂರು ಕ್ರಾಸಿನಲ್ಲಿ ಇಳಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಹೆದ್ದಾರಿಯ ಎರಡೂ ಬದಿ ಹೋಟೆಲುಗಳು, ಉಸಿರು ಬಿಡುತ್ತ ನಿಂತ ಬಸ್ಸುಗಳು. ಟೈರಿನ ಅಂಗಡಿಯನ್ನು ಹುಡುಕಬೇಕಾಗಲಿಲ್ಲ; ಲಾರಿಯ ಹಳೆ ಟೈರುಗಳು ಬಾವಿಯ ಬಳೆಗಳಂತೆ ಒಂದರ ಮೇಲೊಂದು ಪೇರಿಸಿಕೊಂಡು ನಿಂತಿದ್ದವು. ಗಲ್ಲಾದಲ್ಲಿ ಅಳಿಯನೇ ಕೂತಿದ್ದ. ಕೋಲು ಪಕ್ಕಕ್ಕೆ ಒರಗಿಸಿತ್ತು, ಆದರೆ ಅತಾವುಲ್ಲಾನನ್ನು ಕಂಡು ಅದನ್ನು ಹಿಡಿಯದೆಯೇ ಎದ್ದು ನಿಂತ. ಕಾಲು ಕೂಡಿಕೊಂಡಿದೆ, ಎಂದುಕೊಂಡ ಅತಾವುಲ್ಲಾ.

ಚಲುವರಾಜು ಗಾಳಿಯ ಕಂಪ್ರೆಸರಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ. ಟೈರು ಬಿಚ್ಚುವುದಕ್ಕೆ ಬಿಹಾರದ ಆಳುಗಳಿದ್ದರು, ಇವನಿಗೆ ಮಾಡಲು ಏನೂ ಇರಲಿಲ್ಲ. ಮುಖ ಮೈ ತುಂಬಿಕೊಂಡಿತ್ತು, ಅಂಗಿ ಇಸ್ತ್ರಿಯದು. ಅತಾವುಲ್ಲಾನ ಕಣ್ಣು ಮೊದಲು ಹೋದದ್ದು ಅವನ ಉಗುರಿನ ಕಡೆಗೆ. ಅವುಗಳ ಸಂದಿಯಲ್ಲಿ ಗ್ರೀಸಿನ ಕಪ್ಪು ಇರಲಿಲ್ಲ. ಅಂಥ ಕೈಯನ್ನು ಅವನ ಮದುವೆಯ ದಿನವೂ ನೋಡಿದ ನೆನಪಿರಲಿಲ್ಲ.

"ಏನ್ಲಾ ಅತಾವು, ದಾರಿ ತಪ್ತಾ?"

"ನಾಗಮಂಗ್ಲದಲ್ಲಿ ಕೆಲ್ಸ ಇತ್ತು. ಅಂಗೇ ಬಂದೆ."

"ನಾಗಮಂಗ್ಲದಲ್ಲಿ ನಿಂಗೇನ್ಲಾ ಕೆಲ್ಸ, ಎಣ್ಣು ನೋಡಕ್ಕೋಗಿದ್ದಾ?"

"ಊಂ, ನೋಡ್ದೆ. ಮಕ ನಿನ್ನಂಗೇ ಇತ್ತು. ಬ್ಯಾಡ ಅಂದ್ಬುಟ್ಟೆ."

ಚಲುವರಾಜು ಕುರ್ಚಿಯ ಕೈ ಬಡಿದು ನಕ್ಕ. ಅಳಿಯ ಆ ಕಡೆ ತಿರುಗಿ ನೋಡಿದ. ಮಾವ ಇಷ್ಟು ಜೋರಾಗಿ ನಗುವುದು ಅವನಿಗೆ ಹೊಸದಾಗಿತ್ತೇನೋ.

ಅಂಗಡಿಯ ಹಿಂದೆಯೇ ಮನೆ. ವೀಣ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಅಪ್ಪನ ತಟ್ಟೆಯ ಪಕ್ಕದಲ್ಲಿ ಮಾತ್ರೆಯನ್ನೂ ಇಟ್ಟಳು. ಚಲುವರಾಜು ಪೇಟೆಯ ಒಬ್ಬೊಬ್ಬರ ಸೈಕಲ್ಲನ್ನೂ ವಿಚಾರಿಸಿದ. ಸೈಕಲ್ಲನ್ನು ಕೇಳಿದರೆ ಅದರ ಯಜಮಾನನನ್ನು ಕೇಳಿದಂತೆ. ಗಂಜಾಂ ಮೇಷ್ಟ್ರ ಸೈಕಲ್ಲಿನ ಹ್ಯಾಂಡಲು ಈಗಲೂ ಎಡಕ್ಕೆ ಎಳೆಯುತ್ತದೆಯೇ, ಭಾನುವಾರ ಕರಿಘಟ್ಟಕ್ಕೆ ಬರುವ ಗೇರ್ ಸೈಕಲ್ಲಿನವರು ಗಾಳಿ ಕೇಳಿಕೊಂಡು ನಿಲ್ಲುತ್ತಾರೆಯೇ, ಕೆಂಪಣ್ಣನ ಫ್ರೀವೀಲು ಇನ್ನೂ ಹೋಗಿಲ್ಲವೇ. ಅತಾವುಲ್ಲಾ ಎಲ್ಲದಕ್ಕೂ ಉತ್ತರ ಹೇಳಿದ. ಕೆಂಪಣ್ಣನ ವಿಚಾರಕ್ಕೆ ಮಾತ್ರ ಹೂಂ ಎಂದು, ಊದಿದ ಬೆರಳನ್ನು ತಟ್ಟೆಯ ಅಡಿಗೆ ಸರಿಸಿಕೊಂಡ. ಬರುತ್ತೀಯಾ ಎಂದು ಕೇಳಲಿಲ್ಲ. ಕೇಳಿ ಇಲ್ಲವೆನಿಸಿಕೊಂಡರೆ ವಾಪಸು ಬಸ್ಸಿನಲ್ಲಿ ಕೂರುವುದು ಕಷ್ಟವಾಗುತ್ತಿತ್ತು.

ಕೈ ತೊಳೆದುಕೊಂಡು ಬಂದ ಚಲುವರಾಜು ಮಂಚದ ಕೆಳಗೆ ಬಗ್ಗಿ ಸಾಮಾನಿನ ಪೆಟ್ಟಿಗೆಯನ್ನು ಹೊರಗೆಳೆದ. ಬೀಗ ತೆಗೆದು ಬಟ್ಟೆ ಬಿಡಿಸಿದ. ಪಾನಗಳು, ಕೀಲಿಗಳು, ಓಪನರು, ಎಲ್ಲವೂ ಅಲ್ಲಿದ್ದವು.

"ತಗಂಡೋಗ್ಲಾ ಇದ್ನ," ಎಂದ. "ಇಲ್ಲಿ ಯಾರು ಸೈಕಲ್ ತುಳೀತಾವ್ರೆ? ಸುಮ್ನೆ ತುಕ್ಕಿಡೀತಾ ಕೂತದೆ."

ಅತಾವುಲ್ಲಾ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಅವರಿಬ್ಬರಿಗೂ ಕೆಲಸ ಕಲಿಸಿದ ಜಫರ್ ಉಸ್ತಾದರು ಒಂದು ದಿನ ಹೀಗೆಯೇ ತಮ್ಮ ಪೆಟ್ಟಿಗೆಯನ್ನು ಶಿಷ್ಯನೊಬ್ಬನ ಮುಂದೆ ತಳ್ಳಿ ಒಯ್ಯಲು ಹೇಳಿದ್ದರು. ಆಮೇಲೆ ಬದುಕಿದ್ದಷ್ಟು ಕಾಲವೂ ಸೈಕಲ್ಲು ಮುಟ್ಟಲಿಲ್ಲ. ಕಸುಬು ಬಿಡುವವನು ಬಿಟ್ಟೆ ಎಂದು ಬಾಯಲ್ಲಿ ಹೇಳುವುದಿಲ್ಲ, ಸಾಮಾನು ಕೊಟ್ಟುಬಿಡುತ್ತಾನೆ. ಅವರ ಕಡೆ ಅದೇ ರೂಢಿ. ಈ ಪೆಟ್ಟಿಗೆಯನ್ನು ಹೊತ್ತು ಬಸ್ಸು ಹತ್ತಿದರೆ, ತಗಡಿನ ಆ ಬದಿಯನ್ನು ತಾನೇ ಕೈಯಾರೆ ಮುಚ್ಚಿ ಬಂದಂತೆ.

"ಬ್ಯಾಡ ಕಣ್ಲಾ," ಎಂದ. "ನಾನು ತಗಂಡಾಯ್ತು."

"ಏನ?"

"ಎಲ್ಲಾನೂವೆ. ಓಪ್ನರು, ಸ್ಪೋಕ್ ಕೀಲಿ, ಎಲ್ಲಾ. ತಿಮ್ಮೇಶ್ನ ಅಂಗ್ಡೀಲಿ."

ಚಲುವರಾಜುವಿನ ಕೈ ಪೆಟ್ಟಿಗೆಯ ಅಂಚಿನ ಮೇಲೇ ಉಳಿಯಿತು. ಕಂಪ್ರೆಸರು ಗಡಗಡ ಎನ್ನುತ್ತ ನಿಂತಿತು. ಅದು ನಿಂತ ಮೇಲೆ ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾದ ಹಾಗಿತ್ತು.

"ಒಳ್ಳೇದ್ ತಗಂಡ್ಯಾ, ಇಲ್ಲಾ ಆ ಬಣ್ಣ ಬಳ್ದಿರಾದಾ?"

"ಒಳ್ಳೇದೇ. ಅರ ಉಜ್ಜಿ ನೋಡೇ ತಂದೆ."

"ಅಂಗಾರೆ ಸರಿ ಬುಡು."

ಅವನು ಬಟ್ಟೆಯನ್ನು ಒಂದೊಂದೇ ಮಡಿಕೆಯಾಗಿ ಮತ್ತೆ ಮುಚ್ಚಿದ. ಮುಚ್ಚುವಾಗ ಅತಾವುಲ್ಲಾ ಸಾಮಾನನ್ನು ಸರಿಯಾಗಿ ನೋಡಿದ. ತುಕ್ಕಿನ ಚುಕ್ಕೆಯೂ ಇರಲಿಲ್ಲ. ಪ್ರತಿಯೊಂದಕ್ಕೂ ಈಚೆಗೆ ಎಣ್ಣೆ ಒರೆಸಿತ್ತು. ಪಾನಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ, ನಾಳೆ ಬೆಳಿಗ್ಗೆ ಅಂಗಡಿ ತೆರೆಯುವವನ ಪೆಟ್ಟಿಗೆಯಂತೆ ಇದ್ದವು. ಚಲುವರಾಜು ಬೀಗ ಹಾಕಿ, ಪೆಟ್ಟಿಗೆಯನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿ, ತಲೆ ವಸಿ ಭಾರವಾಗಿದೆಯೆಂದು ಹೇಳಿ ಮಲಗಿದ. ಅತಾವುಲ್ಲಾ ಹೊರಡುತ್ತೇನೆಂದಾಗ ಕಣ್ಣು ಮುಚ್ಚಿಕೊಂಡೇ ಕೈಯೆತ್ತಿದ.

ಬಸ್ಸಿನ ತನಕ ಬಿಡಲು ವೀಣ ಬಂದಳು. ರಸ್ತೆ ದಾಟಿ ಹೋಟೆಲಿನ ನೆರಳಿಗೆ ಬಂದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದಳು:

"ನೀವ್ ಬಂದಿದ್ದು ಒಳ್ಳೇದಾಯ್ತು ಮಾವ. ನಾವೇಳಿದ್ರೆ ಅಪ್ಪ ಕೇಳ್ತಿರ್ಲಿಲ್ಲ. ಬರೋ ತಿಂಗ್ಳು ಒಂಟೋಯ್ತೀನಿ ಅಂತ ಕೂತಿದ್ರು. ಪೆಟ್ಗೆ ತೂಕ, ಅತಾವು ಬಂದ್ರೆ ಮೊದ್ಲು ಅವ್ನ ಕೈಲಿ ಕಳಿಸ್ಬುಡ್ತೀನಿ, ಆಮ್ಯಾಕೆ ನಾನು ಬರಿಗೈಲಿ ಬಸ್ಸತ್ತದು ಅಂತಿದ್ರು."

ಅತಾವುಲ್ಲಾ ರಸ್ತೆಯ ಆ ಬದಿಯ ಟೈರುಗಳನ್ನು ನೋಡುತ್ತ ನಿಂತ.

"ಈಗೇನಂದ್ರವ್ವ?"

"ನೀವು ಆಚೆ ಚಪ್ಲಿ ಮೆಟ್ಕಳಾಕೆ ಓದಾಗ ಅಂದ್ರು. ಅವ್ನು ಎಲ್ಲಾ ಒಂದುಸ್ಕಂಡವ್ನೆ, ಇನ್ ನನ್ನಿಂದ ಅಲ್ಲೇನಾಗ್ಬೇಕು, ಅಂತ." ಅವಳು ಸ್ವಲ್ಪ ತಡೆದಳು. "ಬೇಜಾರಿದ್ರೂ ಇರ್ಲಿ ಬುಡಿ ಮಾವ. ಅಲ್ಲಿ ಒಬ್ರೇ ರೂಮಲ್ಲಿ ಸಕ್ರೆ ಜಾಸ್ತಿಯಾಗಿ ಬಿದ್ದಿದ್ದಾಗ ನೀವೇ ಅಲ್ವಾ ಆಸ್ಪತ್ರೆಗೆ ಎತ್ಕಂಡೋಗಿದ್ದು. ಇಲ್ಲಿ ಒತ್ತೊತ್ಗೆ ಮಾತ್ರೆ ಕೊಡಾಕೆ ನಾನಿವ್ನಿ. ಅವ್ರು ಫೋನ್ ಮಾಡುದ್ರೆ ನೀವೂ ಅಂಗೇ ಏಳಿ, ಇಲ್ಲೇ ಇರು ಅಂತ."

ರಸ್ತೆ ದಾಟಿ ಹೋಗಿ, ಮಲಗಿದವನನ್ನು ಎಬ್ಬಿಸಿ, ತಾನು ಏನೂ ಕೊಂಡಿಲ್ಲವೆಂದು ಹೇಳಲು ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಆದರೆ ವೀಣ ಎದುರಿಗೆ ನಿಂತಿದ್ದಳು, ಅವಳ ಮುಖದಲ್ಲಿ ಎಷ್ಟೋ ತಿಂಗಳ ಚಿಂತೆ ಇಳಿದ ನೆಮ್ಮದಿ ಇತ್ತು. ಅತಾವುಲ್ಲಾ ತಲೆಯಾಡಿಸಿದ. ಬಸ್ಸು ಬಂತು.

ನಾಗಮಂಗಲ ದಾಟಿ ಜಕ್ಕನಹಳ್ಳಿಯ ಕಡೆಗೆ ಬಸ್ಸು ಇಳಿಯುವಾಗ ಬಿಸಿಲು ಹೊಲಗಳ ಮೇಲೆ ಅಡ್ಡಕ್ಕೆ ಬಿದ್ದಿತ್ತು. ಕಿಟಕಿಗೆ ತಲೆಯೊರಗಿಸಿ ಅವನು ಲೆಕ್ಕ ಹಾಕಿದ. ಲೆಕ್ಕದಲ್ಲಿ ಅವನು ಯಾವತ್ತೂ ನಿಧಾನ, ಆದರೆ ತಪ್ಪುತ್ತಿರಲಿಲ್ಲ. ಕಪ್ಪನೆಯದನ್ನು ಕೊಂಡರೆ ಹೇಳಿದ ಸುಳ್ಳು ನಿಜವಾಗುತ್ತದೆ, ಅಲ್ಲಿಗೆ ಮುಗಿಯುತ್ತದೆ. ಏನೂ ಕೊಳ್ಳದಿದ್ದರೆ ಹೇಳಿದ್ದು ಸುಳ್ಳೆಂಬುದು ಕೆಂಪಣ್ಣನ ಬಾಯಿಂದ ಒಂದು ದಿನ ಬೆಳ್ಳೂರಿಗೆ ತಲುಪುತ್ತದೆ. ಕೊಂಡ ಸಾಮಾನು ಮುರಿದರೆ ಮಾತ್ರ ಬೇರೆ. ಮುರಿದ ಸಾಮಾನು ಹಿಡಿದುಕೊಂಡು ಪಕ್ಕದವನ ಹತ್ತಿರ ಹೋದರೆ ಅದರಲ್ಲಿ ನಾಚಿಕೆಯಿಲ್ಲ, ಯಾರೂ ಯಾರಿಗೂ ಏನನ್ನೂ ಒಪ್ಪಿಕೊಳ್ಳಬೇಕಾಗಿಲ್ಲ. ಬಾ ಎನ್ನಬೇಕಾಗಿಲ್ಲ. ಮುರೀತು ಕಣ್ಲಾ, ನಿನ್ನ ಓಪನರು ಕೊಡು, ಎಂದರೆ ಸಾಕು. ಮಾತ್ರೆ ಕೊಡುವ ವೀಣಳಿಗೂ ಅದರಿಂದ ಮೋಸವಾಗುವುದಿಲ್ಲ. ಆಗಾಗ ಮುರಿದರೆ ಆಗಾಗ ಹೋಗಿ ಬರಬಹುದು.

ತಿಮ್ಮೇಶ ದೀಪ ಹಚ್ಚಿ ಊದುಬತ್ತಿ ಬೆಳಗುತ್ತಿದ್ದ. ಅತಾವುಲ್ಲಾನನ್ನು ಕಂಡು ಎಣ್ಣೆ ಕಾಗದ ಸುತ್ತಿದ್ದನ್ನು ಕೈಗೆತ್ತಿಕೊಂಡ.

"ಅದಲ್ಲ," ಎಂದ ಅತಾವುಲ್ಲಾ. "ಇನ್ನೊಂದು."

"ಯಾವ್ದು, ಈ ಬಣ್ಣದ್ದಾ? ಬೆಳಗ್ಗೆ ನೀವೇ ಉಜ್ಜಿ ನೋಡುದ್ರಲ್ಲ ಸಾಬ್ರೆ. ಬೆಣ್ಣೆ ಇದ್ದಂಗದೆ. ನಮ್ಮಪ್ಪ ಇದ್ದಿದ್ರೆ ನಿಮಗಿದ್ನ ಕೊಟ್ಟಿದ್ಕೆ ನನ್ನ ಬೈತಿದ್ರು."

"ಬೈಸ್ಕೊ. ಅದ್ನೇ ಕೊಡು."

ತಿಮ್ಮೇಶ ಅವನ ಮುಖವನ್ನು ನೋಡಿದ. ಆಮೇಲೆ ಕಟ್ಟಿಕೊಟ್ಟ.

ಮರುದಿನ ಬೆಳಿಗ್ಗೆ ಕೆಂಪಣ್ಣ ಬಂದಾಗ ಅತಾವುಲ್ಲಾ ಓಪನರನ್ನು ವೈ​ಸಿಗೆ ಕಚ್ಚಿಸಿ ಕಾದು ಕೂತಿದ್ದ. ಗಾಲಿಯನ್ನು ಹಲ್ಲುಗಳ ಮೇಲೆ ಮಲಗಿಸಿದ. ತಿರುಪಿಗೆ ಸೀಮೆಎಣ್ಣೆ ಬಿಡುವುದು ಕ್ರಮ, ಬಿಡಲಿಲ್ಲ. ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಅಗಲಿಸಿ, ಸೊಂಟದಿಂದ ಮೇಲಿನ ಭಾರವನ್ನೆಲ್ಲ ಎಡಕ್ಕೆ ಹಾಕಿ ಎಳೆದ. ಬೆರಳಿನ ಗಾಯ ಬಿರಿಯಿತು. ಬೆಂಚು ಕಿರುಗುಟ್ಟಿತು. ಇನ್ನೇನು ಹಲ್ಲು ಹೋಯಿತು ಎಂದು ಅವನು ಕಣ್ಣು ಕಿರಿದು ಮಾಡಿದ ಹೊತ್ತಿಗೆ ಟಕ್ ಎಂದು ಸದ್ದಾಗಿ, ಗಾಲಿ ಕೈಯಲ್ಲಿ ಹಗುರವಾಗಿ ತಿರುಗಿತು. ಫ್ರೀವೀಲು ಬಿಟ್ಟುಕೊಂಡಿತ್ತು.

"ಪರ್ವಾಗಿಲ್ವೇ," ಎಂದ ಕೆಂಪಣ್ಣ. "ಭೇಷಾದ್ ಮಾಲೇ ತಂದಿದ್ದೀರಿ. ಇದ್ನ ಆಗ್ಲೇ ಮಾಡಿದ್ರೆ ಬೆರಳುಳೀತಿತ್ತು."

ಹೊಸ ಫ್ರೀವೀಲು ಕೂರಿಸಿ, ಚೈನು ಏರಿಸಿ, ಕೆಂಪಣ್ಣನನ್ನು ಕಳಿಸಿದ ಮೇಲೆ ಅತಾವುಲ್ಲಾ ಓಪನರನ್ನು ಬಿಚ್ಚಿ ಬಿಸಿಲಿಗೆ ಹಿಡಿದ. ನಾಲ್ಕೂ ಹಲ್ಲು ನೆಟ್ಟಗಿದ್ದವು. ತುದಿಯ ಬಣ್ಣ ಮಾತ್ರ ಎದ್ದಿತ್ತು. ಹೆಬ್ಬೆರಳಿನಿಂದ ಒಂದೊಂದರ ಅಂಚನ್ನೂ ಸವರಿದ, ಒಂದೂ ಬಾಗಿರಲಿಲ್ಲ.

ಅಂಗಡಿಯ ಮೂಲೆಯಲ್ಲಿ ಯಾರೋ ಯಾವಾಗಲೋ ಬಿಟ್ಟುಹೋಗಿ ಮತ್ತೆ ಕೇಳದ ಗಾಲಿಯೊಂದಿತ್ತು. ಸ್ಪೋಕುಗಳು ಕೆಂಪಗೆ ತುಕ್ಕು ಹಿಡಿದಿದ್ದವು. ಅದನ್ನು ತಂದು ಓಪನರಿನ ಮೇಲೆ ಕೂರಿಸಿ ತಿರುಗಿಸಿದ. ಬರಲಿಲ್ಲ. ಉಸಿರು ತೆಗೆದುಕೊಂಡು ಮತ್ತೆ ಹಾಕಿದ. ಹಣೆಯ ಬೆವರು ರಿಮ್ಮಿನ ಮೇಲೆ ತೊಟ್ಟಿಕ್ಕಿತು. ಮೂಳೆ ಮುರಿದಂಥ ಸದ್ದೊಂದು ಬಂತು, ಅತಾವುಲ್ಲಾ ತಟ್ಟನೆ ಬಗ್ಗಿ ನೋಡಿದ. ಫ್ರೀವೀಲು ಅಲುಗಿತ್ತು. ಕೆಂಪು ಪುಡಿ ಉದುರಿಸುತ್ತ ಅದು ಸುತ್ತು ಸುತ್ತಾಗಿ ಹೊರಬಂತು.

ಸ್ವಲ್ಪ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತ. ರೈಲಿಗೆ ಹೋಗುವವರ ಆಟೋಗಳು ರಸ್ತೆಯಲ್ಲಿ ಹಾದುಹೋದವು. ಆಮೇಲೆ ಅದೇ ಫ್ರೀವೀಲನ್ನು ಅದೇ ಗಾಲಿಗೆ ಇಟ್ಟು ಬಲಕ್ಕೆ ತಿರುಗಿಸತೊಡಗಿದ. ಬೆರಳಿಗೆ ತಿರುಗದಾದಾಗ ಅದರ ಹಲ್ಲುಗಳಿಗೆ ಹಳೆಯ ಚೈನಿನ ತುಂಡನ್ನು ಸುತ್ತಿ, ತುದಿಯನ್ನು ಮುಷ್ಟಿಗೆ ಬಿಗಿದುಕೊಂಡು, ಇನ್ನು ಎಳೆಯಲಾರೆ ಎನ್ನುವತನಕ ಎಳೆದು ಬಿಗಿ ಮಾಡಿದ. ಗಾಲಿಯನ್ನು ಮತ್ತೆ ಓಪನರಿನ ಮೇಲೆ ಮಲಗಿಸಿ, ರಿಮ್ಮಿನ ಮೇಲೆ ಎರಡೂ ಕೈಯಿಟ್ಟ.